ಹೊಲಿಗೆ ಬಿಚ್ಚಿದ ಮೇಲೆ ಯಾರ ಹೊಣೆ?

ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಭತ್ತದ ಗದ್ದೆ ನೋಡಿಕೊಂಡಿದ್ದ ನನ್ನ ಸೋದರಮಾವನಿಗೆ ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಜ್ವರ ಬಂತು. ಊರಿನ ಔಷಧಿ ಅಂಗಡಿಯ ಮಾತ್ರೆಗಳಲ್ಲಿ ಎರಡು ವಾರ ಕಳೆದವು. ಮೂರನೆಯ ವಾರ ಹೊಟ್ಟೆ ಹಲಗೆಯಂತೆ ಬಿಗಿಯಿತು. ವಿಷಮಶೀತ ಜ್ವರದಿಂದ ಸಣ್ಣ ಕರುಳು ತೂತಾಗಿತ್ತು. ನಗರದ ಆಸ್ಪತ್ರೆಯೊಂದರಲ್ಲಿ ನಡುರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು. ಹೊಟ್ಟೆಯೊಳಗೆ ಹರಡಿದ್ದ ಮಲಿನವನ್ನು ತೊಳೆದು, ಕೆಟ್ಟ ಭಾಗವನ್ನು ಕತ್ತರಿಸಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸಿದರು. ಬೆಳಗಿನ ಜಾವ ಹೊರಬಂದ ಶಸ್ತ್ರವೈದ್ಯರು ‘ಬದುಕಿದರು’ ಎಂದಾಗ ನಾವೆಲ್ಲ ಅವರ ಕಾಲಿಗೆ ಬೀಳುವುದೊಂದು ಬಾಕಿ.

ಒಂಬತ್ತನೆಯ ದಿನ ಮನೆಗೆ ಕಳಿಸಿದರು. ಕೈಗಿತ್ತ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರಹವಿತ್ತು. ಎರಡು ವಾರ ಬಿಟ್ಟು ಬರಬೇಕೆಂದು ಬಾಯಲ್ಲಿ ಹೇಳಿದರು. ಮನೆಗೆ ಬಂದ ಐದನೆಯ ದಿನ ಮಾವ ಕುಳಿತಲ್ಲೇ ಕಣ್ಣು ಕತ್ತಲಿಟ್ಟು ಬಿದ್ದರು. ಆ ಹೊತ್ತಿಗೆ ಮೂತ್ರ ಹೋಗಿ ಹತ್ತಿರ ಹತ್ತಿರ ಒಂದು ದಿನವಾಗಿತ್ತು. ಮತ್ತೆ ಆಸ್ಪತ್ರೆಗೆ ಒಯ್ದಾಗ ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಅಂಚಿನಲ್ಲಿವೆಯೆಂದು ತಿಳಿಯಿತು. ಹೊಟ್ಟೆಯೊಳಗಿನ ಶಸ್ತ್ರಚಿಕಿತ್ಸೆಯಲ್ಲಿ ಯಾವ ದೋಷವೂ ಇರಲಿಲ್ಲ. ಚೀಲದ ಮೂಲಕ ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ನೀರು ಹೋಗುತ್ತಿತ್ತು. ಅದರೊಂದಿಗೆ ಉಪ್ಪೂ ಹೋಗುತ್ತಿತ್ತು. ಗಾಯ ಕೀವಾಗಬಾರದೆಂಬ ಪಥ್ಯದ ಹೆಸರಿನಲ್ಲಿ ನಾವು ಅವರ ಊಟದಿಂದ ಉಪ್ಪನ್ನು ತೆಗೆದಿದ್ದೆವು. ಬಾಯಾರಿಕೆಯೆಂದಾಗಲೆಲ್ಲ ಪ್ರೀತಿಯಿಂದ ನೀರನ್ನೂ ಎಳನೀರನ್ನೂ ಕುಡಿಸಿದ್ದೆವು. ನಾವು ಕುಡಿಸಿದಷ್ಟೂ ಅವರು ಒಣಗುತ್ತ ಹೋದರು.

ಮಾವ ಉಳಿದರು. ಆದರೆ ಎರಡನೆಯ ಬಾರಿ ದಾಖಲಾದಾಗ ಪಕ್ಕದ ಹಾಸಿಗೆಯಲ್ಲಿದ್ದ ಹಿರೇಕೆರೂರು ಕಡೆಯ ಹೆಣ್ಣುಮಗಳು ಉಳಿಯಲಿಲ್ಲ. ಆಕೆಯ ಕರುಳಿನ ಜೋಡಣೆ ಮನೆಗೆ ಹೋದ ಮೇಲೆ ಸೋರಿತ್ತು. ಎರಡು ದಿನ ಜ್ವರವನ್ನು ‘ಆಪರೇಷನ್ ಆದ ಮೈ, ಜ್ವರ ಬಂದೀತು’ ಎಂದುಕೊಂಡು ಮನೆಯವರು ಕಾದಿದ್ದರು. ಆ ಎರಡು ದಿನಗಳಿಗೆ ಹೊಣೆ ಯಾರು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಕಾಣದ ಸಾವುಗಳು

ಶಸ್ತ್ರಚಿಕಿತ್ಸೆಯೆಂದರೆ ನಮ್ಮ ಕಣ್ಣಿಗೆ ಬರುವುದು ಆಪರೇಷನ್ ಥಿಯೇಟರಿನ ಬಾಗಿಲು, ಅದರ ಮೇಲಿನ ಕೆಂಪು ದೀಪ. ಆ ದೀಪ ಆರಿದರೆ ಅಪಾಯ ಮುಗಿಯಿತೆಂದು ನಾವೂ ತಿಳಿಯುತ್ತೇವೆ, ಸರ್ಕಾರವೂ ತಿಳಿಯುತ್ತದೆ. ವಾಸ್ತವ ಬೇರೆ. 2019ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 42 ಲಕ್ಷ ಜನ ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಸಾಯುತ್ತಾರೆ. ಎಚ್‌ಐವಿ, ಕ್ಷಯ ಮತ್ತು ಮಲೇರಿಯಾ ಈ ಮೂರೂ ಸೇರಿ ತೆಗೆದುಕೊಳ್ಳುವ ಜೀವಗಳಿಗಿಂತ ಇದು ಹೆಚ್ಚು. ಇವರಲ್ಲಿ ಅರ್ಧದಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಕ್ಷಯಕ್ಕೆ ರಾಷ್ಟ್ರೀಯ ಕಾರ್ಯಕ್ರಮವಿದೆ, ಮಲೇರಿಯಾಕ್ಕೂ ಇದೆ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳಿಗೆ ಅಂಥದ್ದೊಂದು ಕಾರ್ಯಕ್ರಮವಿಲ್ಲ.

ಎಲ್ಲ ಶಸ್ತ್ರಚಿಕಿತ್ಸೆಗಳಲ್ಲಿ ಕರುಳಿನದು ವಿಶೇಷವಾಗಿ ಸೂಕ್ಷ್ಮ. ಕೈಮುರಿದರೆ ಕೂಡಿಸುವುದು ಶುದ್ಧ ಜಾಗದಲ್ಲಿ ನಡೆಯುವ ಕೆಲಸ. ಕರುಳು ಹಾಗಲ್ಲ, ಅದರೊಳಗೆ ಕೋಟ್ಯಂತರ ಸೂಕ್ಷ್ಮಾಣುಗಳಿವೆ. ಅದನ್ನು ಕತ್ತರಿಸಿ ಹೊಲಿದ ಜಾಗ ಒಂದು ವಾರದವರೆಗೆ ಹೊಲಿಗೆಯ ಬಲದ ಮೇಲೆಯೇ ನಿಂತಿರುತ್ತದೆ. 66 ದೇಶಗಳ 12 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಗಾಯಕ್ಕೆ ಸೋಂಕು ತಗಲುವ ಪ್ರಮಾಣವನ್ನು ಲೆಕ್ಕ ಹಾಕಿತು. ಅಭಿವೃದ್ಧಿ ಸೂಚ್ಯಂಕದಲ್ಲಿ ಮೇಲಿರುವ ದೇಶಗಳಲ್ಲಿ ಅದು ಶೇ 9.4, ನಡುವಿನ ದೇಶಗಳಲ್ಲಿ ಶೇ 14, ಕೆಳಗಿನ ದೇಶಗಳಲ್ಲಿ ಶೇ 23.2. ಕರುಳು ಎಲ್ಲ ದೇಶಗಳಲ್ಲೂ ಒಂದೇ. ವ್ಯತ್ಯಾಸವಿರುವುದು ರೋಗಿ ಎಷ್ಟು ತಡವಾಗಿ ಬರುತ್ತಾನೆ ಮತ್ತು ಬಂದ ಮೇಲೆ ಅವನನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರಲ್ಲಿ.

ನಾಲ್ಕು ತಾಲ್ಲೂಕುಗಳ ದಾರಿ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಸುಮಾರು 16 ಲಕ್ಷ ಜನರಿದ್ದಾರೆ. ಅದರ ಪಶ್ಚಿಮ, ಉತ್ತರ ಮತ್ತು ದಕ್ಷಿಣದ ಅಂಚುಗಳಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಇವೆ. ಈ ನಾಲ್ಕೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. 2022ರಲ್ಲಿ ಜಿಲ್ಲಾ ಕೇಂದ್ರದಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಆದರೂ ಹೊಟ್ಟೆಯ ದೊಡ್ಡ ತುರ್ತು ಬಂತೆಂದರೆ ಶಿಗ್ಗಾಂವಿ, ಸವಣೂರಿನವರು ಹೆದ್ದಾರಿ ಹಿಡಿದು ಹುಬ್ಬಳ್ಳಿಯತ್ತ ಓಡುತ್ತಾರೆ. ಹಿರೇಕೆರೂರಿನವರು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುತ್ತಾರೆ. ಹಾನಗಲ್ಲಿನವರು ಯಾರ ಪರಿಚಯ ಎಲ್ಲಿದೆಯೋ ಅಲ್ಲಿಗೆ. ಹೀಗಾಗಿ ಶಸ್ತ್ರಚಿಕಿತ್ಸೆ ಮಾಡಿದ ಕೈ ಒಂದು ಜಿಲ್ಲೆಯಲ್ಲಿರುತ್ತದೆ, ಗಾಯ ಮಾಯಬೇಕಾದ ಮನೆ ಇನ್ನೊಂದರಲ್ಲಿರುತ್ತದೆ. ಎರಡರ ನಡುವೆ ಇರುವುದು ಆ ಒಂದೂವರೆ ಪುಟದ ಚೀಟಿ ಮಾತ್ರ.

ಈ ಸೀಮೆಯ ಹೊಟ್ಟೆಗಳು ಕತ್ತಿಗೆ ಗುರಿಯಾಗುವ ಕಾರಣಗಳೂ ಹಲವು. ಕಲುಷಿತ ನೀರಿನಿಂದ ಬರುವ ವಿಷಮಶೀತ ಜ್ವರ, ಗುಣವಾಗದ ಹುಣ್ಣು ಒಡೆಯುವುದು, ಕೂಲಿ ಬಿಡಲಾಗದೆ ಮುಂದೂಡಿದ ಅಂಡವಾಯು ಸಿಕ್ಕಿಹಾಕಿಕೊಂಡು ಕರುಳು ಕೊಳೆಯುವುದು, ಒಡೆದ ಅಪೆಂಡಿಕ್ಸ್, ಕರುಳಿನ ಕ್ಷಯ, ಕರುಳು ತಿರುಚಿಕೊಳ್ಳುವುದು, ಈಚೆಗೆ ದೊಡ್ಡ ಕರುಳಿನ ಕ್ಯಾನ್ಸರ್. ದೀಪಾವಳಿ ಬಂದರೆ ಇನ್ನೊಂದು ಸೇರುತ್ತದೆ. ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಬೆದರಿಸಿ ಓಡಿಸುವ ಸ್ಪರ್ಧೆ ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಕೊಂಬಿನ ತಿವಿತ ಹೊಟ್ಟೆಗೆ ತಾಗಿದರೆ ಚರ್ಮದ ಮೇಲಿನ ಸಣ್ಣ ಗಾಯದೊಳಗೆ ಹರಿದ ಕರುಳಿರಬಹುದು. ಇವೆಲ್ಲ ತುರ್ತಿನ ಶಸ್ತ್ರಚಿಕಿತ್ಸೆಗಳು. ತಯಾರಿಗೆ ಸಮಯವಿಲ್ಲದ, ರೋಗಿ ಆಗಲೇ ನಂಜೇರಿ ನಿತ್ರಾಣನಾಗಿರುವ ಸಂದರ್ಭಗಳು. ತೊಡಕು ಹೆಚ್ಚಾಗುವುದೂ ಇಂಥಲ್ಲೇ.

ದಿನಗಳ ಲೆಕ್ಕ

ತೊಡಕುಗಳು ಸಿಡಿಲಿನಂತೆ ಎರಗುವುದಿಲ್ಲ. ಅವಕ್ಕೆ ತಮ್ಮದೇ ದಿನಗಣನೆಯಿದೆ. ಆ ಗಣನೆ ತಿಳಿದವರಿಗೆ ಮುನ್ಸೂಚನೆ ಸಿಗುತ್ತದೆ.

ಮೊದಲ ಎರಡು ಮೂರು ದಿನಗಳ ಶತ್ರು ಶ್ವಾಸಕೋಶದಲ್ಲಿದೆ. ಹೊಟ್ಟೆಯ ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯ ಆಗುತ್ತದೆ. ಬೀಡಿ ಸೇದುವವರಲ್ಲಿ ಇದು ಇನ್ನೂ ಹೆಚ್ಚು. ಮಲಗಿದಲ್ಲೇ ಇದ್ದರೆ ಕಾಲಿನ ಆಳದ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಮುಂದೆ ಶ್ವಾಸಕೋಶಕ್ಕೆ ಹಾರಬಹುದು. ಒಂದು ಕಾಲು ಮಾತ್ರ ಊದಿಕೊಂಡರೆ, ಮೀನಖಂಡ ನೋಯುತ್ತಿದ್ದರೆ ಅದನ್ನು ಉಳುಕೆಂದು ತಿಕ್ಕಬಾರದು. ಇದೇ ದಿನಗಳಲ್ಲಿ ಕರುಳು ಸ್ತಬ್ಧವಾಗಿರುವುದು ಸಹಜ. ಆದರೆ ಮೂರು ನಾಲ್ಕು ದಿನ ಕಳೆದರೂ ಗಾಳಿ ಸರಿಯದೆ, ಹೊಟ್ಟೆ ಉಬ್ಬಿ, ಹಸಿರು ವಾಂತಿಯಾದರೆ ಒಳಗೆ ಏನೋ ತಪ್ಪಿದೆ ಎಂದರ್ಥ.

ಐದರಿಂದ ಹತ್ತನೆಯ ದಿನದ ಅವಧಿ ಅತ್ಯಂತ ಎಚ್ಚರದ್ದು. ಕರುಳಿನ ಜೋಡಣೆ ಸೋರಿದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಆಗ. ನಮ್ಮ ದುರ್ದೈವವೆಂದರೆ ಹಾಸಿಗೆಯ ಒತ್ತಡದಲ್ಲಿ ಬಹುತೇಕರನ್ನು ಮನೆಗೆ ಕಳಿಸುವುದೂ ಇದೇ ಅವಧಿಯಲ್ಲಿ. ಸೋರಿಕೆಯ ಮೊದಲ ಗುರುತು ಬಹಳ ಸಲ ನೋವಾಗಿರುವುದಿಲ್ಲ. ನಾಡಿ ಏರುವುದು, ಉಸಿರು ವೇಗವಾಗುವುದು, ಚೇತರಿಸಿಕೊಳ್ಳುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಊಟ ಬೇಡವೆನ್ನುವುದು, ಮಾತಿನಲ್ಲಿ ತಡವರಿಸುವುದು, ಇವು ಮೊದಲು ಬರುತ್ತವೆ. ಜ್ವರ, ಹೊಟ್ಟೆನೋವು ನಂತರ ಬರಬಹುದು. ವಯಸ್ಸಾದವರಲ್ಲಿ ಜ್ವರ ಬಾರದೆಯೂ ಇರಬಹುದು. ವಿಶ್ರಾಂತಿಯಲ್ಲಿದ್ದಾಗಲೂ ನಾಡಿ ನಿಮಿಷಕ್ಕೆ ನೂರನ್ನು ಮೀರಿ ಓಡುತ್ತಿದ್ದರೆ ಕಾರಣ ತಿಳಿಯುವವರೆಗೆ ಅದನ್ನು ಅಪಾಯವೆಂದೇ ಎಣಿಸಬೇಕು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಗಡಿಯಾರ ನೋಡಲು ಬರುವ ಯಾರಿಗಾದರೂ ಇದನ್ನು ಕಲಿಸಬಹುದು. ನಮ್ಮ ಪಕ್ಕದ ಹಾಸಿಗೆಯ ಆ ಹೆಣ್ಣುಮಗಳ ಮನೆಯಲ್ಲಿ ಕಾಲೇಜು ಓದುವ ಮಗನಿದ್ದ. ಅವನಿಗೆ ಯಾರೂ ಇದನ್ನು ಕಲಿಸಿರಲಿಲ್ಲ.

ಗಾಯದ ಸೋಂಕೂ ಇದೇ ಹೊತ್ತಿನದು. ಹೊಲಿಗೆಯ ಸುತ್ತ ಕೆಂಪು, ಬಿಸಿ, ಊತ, ಕೀವು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಕೀವಿಲ್ಲದೆ ಗಾಯದಿಂದ ಇದ್ದಕ್ಕಿದ್ದಂತೆ ತೆಳು ಕೆಂಪುನೀರು ಹೆಚ್ಚಾಗಿ ಒಸರತೊಡಗಿದರೆ ಒಳಪದರದ ಹೊಲಿಗೆ ಬಿಡುತ್ತಿರಬಹುದು. ಮುಂದಿನ ಕೆಮ್ಮಿಗೆ ಹೊಟ್ಟೆ ಬಿರಿಯಬಹುದು. ಹಾಗಾಗಿ ಕರುಳು ಹೊರಬಂದರೆ ಒಳಗೆ ತಳ್ಳಬಾರದು. ಶುದ್ಧ ಒದ್ದೆ ಬಟ್ಟೆ ಮುಚ್ಚಿ, ರೋಗಿಯನ್ನು ಮಲಗಿಸಿ, ಬಾಯಿಗೆ ಏನೂ ಕೊಡದೆ 108ಕ್ಕೆ ಕರೆ ಮಾಡಬೇಕು. ತಿಂಗಳುಗಳು, ವರ್ಷಗಳು ಕಳೆದ ಮೇಲೂ ಒಳಗಿನ ಅಂಟುಗಳಿಂದ ಕರುಳು ಕಟ್ಟಿಕೊಳ್ಳಬಹುದು. ಹಳೆಯ ಗಾಯದ ಗೆರೆಯಿರುವ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿ ನಿಂತರೆ ಅದು ‘ಗ್ಯಾಸ್’ ಎಂಬ ಭ್ರಮೆ ಬೇಡ.

ಆಸ್ಪತ್ರೆಯೊಳಗೆ ಆಗಬೇಕಾದ್ದು

ತೊಡಕು ತಡೆಯಲು ದುಬಾರಿ ಯಂತ್ರಗಳೇ ಬೇಕೆಂಬ ನಂಬಿಕೆ ನಮ್ಮಲ್ಲಿದೆ. ಪುರಾವೆಗಳು ಹಾಗೆನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಒಂದು ಪುಟದ ಸುರಕ್ಷತಾ ಪಟ್ಟಿಯನ್ನು ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಅರಿವಳಿಕೆಗೆ ಮುನ್ನ, ಕತ್ತಿ ಇಡುವ ಮುನ್ನ, ರೋಗಿಯನ್ನು ಹೊರಗೆ ಒಯ್ಯುವ ಮುನ್ನ ಕೆಲವು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಉತ್ತರಿಸಬೇಕು, ಅಷ್ಟೆ. ಅದರಿಂದ ಸಾವು ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದವು.

ಭಾರತದ ಆಸ್ಪತ್ರೆಗಳೂ ಪಾಲ್ಗೊಂಡಿದ್ದ ಎರಡು ದೊಡ್ಡ ಅಧ್ಯಯನಗಳು ನಮಗೆ ನೇರವಾಗಿ ಅನ್ವಯಿಸುತ್ತವೆ. ಸೋಂಕುನಿರೋಧಕ ಲೇಪಿಸಿದ ದುಬಾರಿ ದಾರದಿಂದ ಹೊಲಿದರೆ ಗಾಯದ ಸೋಂಕು ಕಡಿಮೆಯಾಗುವುದೇ ಎಂಬ ಪ್ರಶ್ನೆಗೆ 2021ರ ಅಧ್ಯಯನ ಇಲ್ಲವೆಂದಿತು. ಹೊಟ್ಟೆ ಮುಚ್ಚುವ ಮುನ್ನ ಇಡೀ ತಂಡ ಕೈಗವಸುಗಳನ್ನೂ ಉಪಕರಣಗಳನ್ನೂ ಬದಲಾಯಿಸಿದರೆ ಹೇಗೆ ಎಂಬುದನ್ನು ಏಳು ದೇಶಗಳ 13 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದಾಗ ಸೋಂಕು ಶೇ 18.9ರಿಂದ 16ಕ್ಕೆ ಇಳಿಯಿತೆಂದು 2022ರಲ್ಲಿ ವರದಿಯಾಯಿತು. ದುಬಾರಿ ದಾರ ಮಾಡದ್ದನ್ನು ಒಂದು ಜೊತೆ ಹೊಸ ಕೈಗವಸು ಮಾಡಿತು. ನಮ್ಮ ಖರೀದಿ ಸಮಿತಿಗಳು ಈ ಸಾಲನ್ನು ಎರಡು ಸಲ ಓದಬೇಕು.

ಪ್ರತಿಜೈವಿಕಗಳ ವಿಷಯವೂ ಹಾಗೆಯೇ. ಮುಂಜಾಗ್ರತೆಯ ಚುಚ್ಚುಮದ್ದು ಕತ್ತಿ ಇಡುವುದಕ್ಕೆ ಮೊದಲಿನ ಎರಡು ಗಂಟೆಗಳೊಳಗೆ ಮೈಸೇರಬೇಕು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದನ್ನೇ ವಾರಗಟ್ಟಲೆ ಎಳೆಯುವುದರಿಂದ ಲಾಭವಿಲ್ಲ. ಹೊಟ್ಟೆಯೊಳಗೆ ಆಗಲೇ ನಂಜಿದ್ದವರಲ್ಲಿ ಕೂಡ, ಸೋಂಕಿನ ಮೂಲವನ್ನು ಸರಿಯಾಗಿ ತೊಡೆದುಹಾಕಿದ್ದರೆ ಸುಮಾರು ನಾಲ್ಕು ದಿನಗಳ ಔಷಧ ಹೆಚ್ಚು ದಿನಗಳದ್ದಕ್ಕೆ ಸಮನೆಂದು 2015ರ ಅಧ್ಯಯನವೊಂದು ತೋರಿಸಿದೆ. ಉಳಿದ ದಿನಗಳ ಚುಚ್ಚುಮದ್ದು ಬಿಲ್ಲನ್ನೂ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳನ್ನೂ ಬೆಳೆಸುತ್ತದೆ.

1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ಹಳೆಯ ಶಾಸ್ತ್ರವನ್ನೇ ಪ್ರಶ್ನಿಸಿದರು. ಗಾಳಿ ಸರಿಯುವವರೆಗೆ ಉಪವಾಸ, ಹೊಲಿಗೆ ಬಿಚ್ಚುವವರೆಗೆ ಹಾಸಿಗೆ ಎಂಬ ಪದ್ಧತಿಯ ಬದಲು ಮೊದಲ ದಿನವೇ ಕೂರಿಸಿ ನಡೆಸುವುದು, ಸಾಧ್ಯವಾದವರಿಗೆ 24 ಗಂಟೆಯೊಳಗೆ ಬಾಯಿಂದ ಆಹಾರ ಕೊಡುವುದು, ನೋವನ್ನು ಚೆನ್ನಾಗಿ ತಗ್ಗಿಸುವುದು, ಸಲೈನನ್ನು ಅಳೆದು ಹಾಕುವುದು, ನಳಿಕೆಗಳನ್ನು ಬೇಗ ತೆಗೆಯುವುದು, ಇವು ಈಗ ಜಗತ್ತಿನಾದ್ಯಂತ ಒಪ್ಪಿತ ಕ್ರಮ. ತುರ್ತು ಶಸ್ತ್ರಚಿಕಿತ್ಸೆಯಾದ ಎಲ್ಲರಿಗೂ ಇದನ್ನು ಹಾಗೆಹಾಗೆಯೇ ಅನ್ವಯಿಸಲಾಗದು, ನಿರ್ಧಾರ ವೈದ್ಯರದೇ. ಆದರೆ ನಮ್ಮ ವಾರ್ಡುಗಳಲ್ಲಿ ರೋಗಿಯನ್ನು ಎಬ್ಬಿಸಬಾರದೆಂದು ತಡೆಯುವವರು ಬಹಳ ಸಲ ಬಂಧುಗಳೇ. ‘ಹೊಲಿಗೆ ಬಿಟ್ಟೀತು’ ಎಂಬ ಅಕ್ಕರೆಯಲ್ಲಿ ನಾವು ನ್ಯುಮೋನಿಯವನ್ನು ಕರೆದು ಕೂರಿಸುತ್ತೇವೆ.

ಉಪ್ಪಿನ ವಿಚಾರ

ಮತ್ತೆ ನನ್ನ ಮಾವನ ವಿಷಯಕ್ಕೆ ಬರುತ್ತೇನೆ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರನ್ನೂ ಉಪ್ಪನ್ನೂ ಹೀರಿ ಉಳಿಸುವುದು. ಸಣ್ಣ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದಾಗ ಆ ಉಳಿತಾಯ ತಪ್ಪುತ್ತದೆ. ಹೊರಬರುವ ಒಂದು ಲೀಟರ್ ಸ್ರಾವದಲ್ಲಿ ಐದಾರು ಗ್ರಾಂ ಉಪ್ಪಿಗೆ ಸಮನಾದ ಸೋಡಿಯಂ ಇರುತ್ತದೆ. ಕೆಲವು ವಾರಗಳಲ್ಲಿ ದೇಹ ಹೊಂದಿಕೊಂಡು ಸ್ರಾವ ದಿನಕ್ಕೆ ಒಂದು ಲೀಟರಿಗಿಂತ ಕೆಳಗಿಳಿದು ಗಟ್ಟಿಯಾಗುತ್ತದೆ. ಅದು ಒಂದೂವರೆ ಲೀಟರ್ ದಾಟಿದರೆ ಅಪಾಯದ ಗಂಟೆ.

ಇಲ್ಲಿ ಸಾಮಾನ್ಯ ಬುದ್ಧಿ ಕೈಕೊಡುತ್ತದೆ. ಬಾಯಾರಿದವನಿಗೆ ಬರಿ ನೀರು ಕುಡಿಸಿದರೆ ಉಪ್ಪಿಲ್ಲದ ಆ ನೀರು ಕರುಳಿನ ಗೋಡೆಯಿಂದ ಇನ್ನಷ್ಟು ಉಪ್ಪನ್ನು ಎಳೆದುಕೊಂಡು ಚೀಲ ಸೇರುತ್ತದೆ. ಚಹಾ, ಸಿಹಿ ಪಾನೀಯಗಳದ್ದೂ ಅದೇ ಕಥೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಮೂತ್ರಪಿಂಡ ಸೋಲುತ್ತಿರುವವರಿಗೆ ಅದು ಅಪಾಯಕಾರಿಯೂ ಹೌದು. ಬೇಕಾದದ್ದು ಉಪ್ಪು ಮತ್ತು ಗ್ಲೂಕೋಸ್ ಒಟ್ಟಿಗೆ ಇರುವ ದ್ರಾವಣ, ಯಾಕೆಂದರೆ ಕರುಳು ಇವೆರಡನ್ನೂ ಜೊತೆಯಾಗಿ ಹೀರುತ್ತದೆ, ನೀರು ಅವುಗಳ ಬೆನ್ನಿಗೆ ಒಳಬರುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿ ಪ್ರಸಿದ್ಧವಾದ ದ್ರಾವಣದಲ್ಲಿ ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಇರುತ್ತದೆ. ಎಷ್ಟು ಕುಡಿಯಬೇಕು, ಬರಿ ನೀರಿಗೆ ಎಷ್ಟರ ಮಿತಿ ಎಂಬುದನ್ನು ವೈದ್ಯರು ರೋಗಿಯ ಸ್ಥಿತಿ ನೋಡಿ ಹೇಳಬೇಕು. ಆದರೆ ಇಂಥವರ ಗಂಜಿಯಲ್ಲಿ ಉಪ್ಪಿರಬೇಕು ಎಂಬಷ್ಟನ್ನಾದರೂ ಮನೆಗೆ ಹೋಗುವ ಮುನ್ನ ತಿಳಿಸಬೇಡವೆ?

ಆಹಾರದಲ್ಲೂ ನಮ್ಮ ಸೀಮೆಗೆ ತಕ್ಕ ಎಚ್ಚರಿಕೆಗಳಿವೆ. ಮೊದಲ ಆರರಿಂದ ಎಂಟು ವಾರ ಮೆಕ್ಕೆಜೋಳದ ತೆನೆ, ಕೊಬ್ಬರಿ, ಶೇಂಗಾ, ಅಣಬೆಯಂತಹ ನಾರಿನ ಪದಾರ್ಥಗಳು ಚೀಲದ ಬಾಯಿಯ ಹಿಂದೆ ಸಿಕ್ಕಿಹಾಕಿಕೊಳ್ಳಬಹುದು. ಮೆತ್ತನೆಯ ಅನ್ನ, ಮಾಗಿದ ಬಾಳೆಹಣ್ಣು ಸ್ರಾವವನ್ನು ಗಟ್ಟಿಗೊಳಿಸುತ್ತವೆ. ಗಾಯ ಮಾಯುವುದಕ್ಕೆ ಪ್ರೋಟೀನ್ ಬೇಕು. ಮೊಟ್ಟೆ, ಹಾಲು, ಮೊಸರು, ಚೆನ್ನಾಗಿ ಬೆಂದ ಬೇಳೆ ಪಥ್ಯಕ್ಕೆ ವಿರುದ್ಧವಲ್ಲ, ಅವೇ ಪಥ್ಯ. ಚೀಲದ ತಳದ ರಂಧ್ರವನ್ನು ಕರುಳಿನ ಬಾಯಿಯ ಅಳತೆಗೆ ಕತ್ತರಿಸದಿದ್ದರೆ ಸ್ರಾವ ಚರ್ಮವನ್ನು ಸುಡುತ್ತದೆ. ಸುಟ್ಟ ಚರ್ಮಕ್ಕೆ ಚೀಲ ಅಂಟದು, ಅಂಟದ ಚೀಲ ಇನ್ನಷ್ಟು ಸುಡುತ್ತದೆ. ನಾಚಿಕೆಯಿಂದ ಮನೆಯ ಹಿಂಬದಿಯ ಕೋಣೆ ಸೇರುವ ರೋಗಿ, ವಾಸನೆಯಾದೀತೆಂದು ಊಟವನ್ನೇ ಕಡಿಮೆ ಮಾಡುತ್ತಾನೆ. ನನ್ನ ಮಾವ ಜಾತ್ರೆಗೆ ಹೋಗುವುದನ್ನು ಬಿಟ್ಟದ್ದಲ್ಲದೆ ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದರು.

ಹದಿನೈದು ದಿನ ಮತ್ತು ಮೂರು ತಿಂಗಳು

ಈಗ ವ್ಯವಸ್ಥೆಯ ಕಡೆ ನೋಡೋಣ. ಬಡವರ ಶಸ್ತ್ರಚಿಕಿತ್ಸೆಯ ಖರ್ಚನ್ನು ಹೊರುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 2003ರಲ್ಲಿ ರೈತ ಸಹಕಾರಿಗಳ ಸದಸ್ಯರಿಗಾಗಿ ಯಶಸ್ವಿನಿ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾಗಿ, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ದೊರೆಯಿತು. ಇವೆಲ್ಲ ಸಣ್ಣ ಸಾಧನೆಗಳಲ್ಲ. ಆದರೆ ಈ ಯೋಜನೆಗಳ ಕಲ್ಪನೆಯಲ್ಲಿ ಕಾಯಿಲೆಯೆಂದರೆ ಆಸ್ಪತ್ರೆಯ ಒಳಗಿನ ಒಂದು ಘಟನೆ. ಆಯುಷ್ಮಾನ್ ಭಾರತ್ ನಿಯಮದಂತೆ ಬಿಡುಗಡೆಯ ನಂತರದ ಔಷಧ, ತಪಾಸಣೆಗಳಿಗೆ ದೊರೆಯುವುದು 15 ದಿನಗಳ ರಕ್ಷಣೆ. ತಾತ್ಕಾಲಿಕವಾಗಿ ತೆರೆದ ಕರುಳಿನ ಬಾಯನ್ನು ಮುಚ್ಚುವುದು ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ, ಕೆಲವರಿಗೆ ಅದು ಜೀವಮಾನದ ಸಂಗಾತಿ. ಹದಿನಾರನೆಯ ದಿನದಿಂದ ಚೀಲವನ್ನು ಕೊಳ್ಳುವವರು ಯಾರು? ಒಂದೊಂದು ಚೀಲಕ್ಕೆ ನೂರಾರು ರೂಪಾಯಿ. ದಿನಗೂಲಿಯವನು ಒಂದನ್ನೇ ತೊಳೆದು ತೊಳೆದು, ಕೊನೆಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಳ್ಳಿಯ ಮನೆಯವರೆಗೆ ತಲುಪುವ ಕೈಗಳು ನಮ್ಮಲ್ಲಿ ಇಲ್ಲವೇ ಎಂದರೆ, ಇವೆ. ನವಜಾತ ಶಿಶುವಿಗಾಗಿ 2011ರಲ್ಲಿ ರೂಪಿಸಿದ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬಾಣಂತಿಯ ಮನೆಗೆ ಹೋಗಿ ಮಗುವಿನ ತೂಕ, ಉಷ್ಣಾಂಶ, ಉಸಿರು ನೋಡುತ್ತಾಳೆ. ಅಪಾಯದ ಗುರುತು ಕಂಡರೆ ಆಸ್ಪತ್ರೆಗೆ ಕಳಿಸುತ್ತಾಳೆ. ಎಷ್ಟನೆಯ ದಿನ ಯಾವ ಅಪಾಯ ಬರಬಹುದೆಂಬ ಅರಿವಿನ ಮೇಲೆ ಈ ದಿನಗಳನ್ನು ನಿಗದಿ ಮಾಡಲಾಗಿದೆ. ಅದೇ ತರ್ಕ ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿಸಿ ಬಂದವನಿಗೆ ಯಾಕೆ ಅನ್ವಯಿಸಬಾರದು? ನಾಡಿ, ಉಷ್ಣಾಂಶ, ಗಾಯ, ಚೀಲದ ಅಳತೆ, ಮೂತ್ರದ ಪ್ರಮಾಣ ಈ ಐದನ್ನು ನೋಡಲು ಹತ್ತು ನಿಮಿಷ ಸಾಕು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಒಂದು ಹಳ್ಳಿಯಲ್ಲಿ ಶಿಶುಗಳು ಹುಟ್ಟುವಷ್ಟು ಸಲ ಇಂಥ ಶಸ್ತ್ರಚಿಕಿತ್ಸೆಗಳು ನಡೆಯುವುದಿಲ್ಲವಾದ್ದರಿಂದ ಹೊರೆಯೂ ದೊಡ್ಡದಲ್ಲ.

ಹೊರೆಯ ಮಾತು ಬಂದಾಗ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಆಶಾ ಕಾರ್ಯಕರ್ತೆಯರ ಮೇಲೆ ಈಗಲೇ ಹತ್ತಾರು ಕೆಲಸಗಳಿವೆ. ಗೌರವಧನ ಹೆಚ್ಚಿಸಬೇಕೆಂದು 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕುಳಿತದ್ದನ್ನು ನಾಡು ನೋಡಿದೆ. ಸಂಬಳವಿಲ್ಲದ ಸೇವೆಯನ್ನು ಅವರ ತಲೆಗೆ ಮತ್ತೆ ಕಟ್ಟುವುದು ಅನ್ಯಾಯ. ಶಿಶುವಿನ ಭೇಟಿಗಳಿಗೆ ಇರುವಂತೆ ಈ ಭೇಟಿಗಳಿಗೂ ಪ್ರತ್ಯೇಕ ಪ್ರೋತ್ಸಾಹಧನ ಇರಲೇಬೇಕು. ಒಂದು ಮರುದಾಖಲಾತಿಗೆ ವಿಮಾ ನಿಧಿ ತೆರುವ ಮೊತ್ತದ ಮುಂದೆ ಅದು ಅತ್ಯಲ್ಪ.

ಇನ್ನೊಂದು ಆಕ್ಷೇಪ ವೈದ್ಯರ ಕಡೆಯದು. ತೊಡಕುಗಳ ಲೆಕ್ಕ ಇಡತೊಡಗಿದರೆ ಪ್ರತಿಯೊಂದನ್ನೂ ನಿರ್ಲಕ್ಷ್ಯವೆಂದು ಬಗೆದು ಜನ ಆಸ್ಪತ್ರೆಗೆ ಕಲ್ಲು ಹೊಡೆಯುವುದಿಲ್ಲವೇ? ಭಯ ನಿರಾಧಾರವಲ್ಲ. ಅತ್ಯಂತ ನುರಿತ ಕೈಯಲ್ಲೂ ಜೋಡಣೆ ಸೋರಬಹುದು; ಸೋರಿಕೆ ಅಪರಾಧವಲ್ಲ. ಆದರೆ ಸೋರಿದ್ದನ್ನು ಎರಡು ದಿನ ಯಾರೂ ಗಮನಿಸದಿರುವುದು ತಪ್ಪಿಸಬಹುದಾದ ಲೋಪ. ಮುಂಚಿತವಾಗಿ ತೊಡಕಿನ ಸಾಧ್ಯತೆಯನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಿದ ವೈದ್ಯರ ಮೇಲೆ ಜನರ ವಿಶ್ವಾಸ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಮೌನವೇ ಅನುಮಾನಕ್ಕೆ ಗೊಬ್ಬರ.

ಹಾಗಾದರೆ ಆಗಬೇಕಾದ್ದೇನು? ಒಂದು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರಿಗೂ ಬಿಡುಗಡೆಯ ದಿನ ಕನ್ನಡದಲ್ಲಿ ಅಚ್ಚಾದ ಒಂದು ಪುಟದ ಕಾರ್ಡು; ಅದರಲ್ಲಿ ಅಪಾಯದ ಗುರುತುಗಳು, ಊಟ ಮತ್ತು ಉಪ್ಪಿನ ಸೂಚನೆ, ಹಗಲಿರುಳು ಯಾರಾದರೂ ಎತ್ತುವ ಒಂದು ದೂರವಾಣಿ ಸಂಖ್ಯೆ. ಎರಡು, ಅದೇ ದಿನ ಸಂಬಂಧಪಟ್ಟ ತಾಲ್ಲೂಕು ಆಸ್ಪತ್ರೆಗೂ ಉಪಕೇಂದ್ರಕ್ಕೂ ಮಾಹಿತಿ ತಲುಪಿಸಿ, ನಿಗದಿತ ದಿನಗಳಲ್ಲಿ ಮನೆ ಭೇಟಿ. ಮೂರು, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಆಸ್ಪತ್ರೆಗಳಲ್ಲಿ ಚೀಲದ ಆರೈಕೆಯಲ್ಲಿ ತರಬೇತಾದ ಒಬ್ಬೊಬ್ಬ ಶುಶ್ರೂಷಕಿ ಮತ್ತು ಉಚಿತ ಚೀಲಗಳು. ತರಬೇತಿಗೆ ಹಾವೇರಿಯ ವೈದ್ಯಕೀಯ ಕಾಲೇಜು ಇದೆ. ನಾಲ್ಕು, ವಿಮಾ ಯೋಜನೆಯ 15 ದಿನಗಳ ಮಿತಿಯನ್ನು ಚೀಲವಿರುವವರ ಮಟ್ಟಿಗೆ ಚೀಲ ಮುಚ್ಚುವ ದಿನದವರೆಗೆ ವಿಸ್ತರಿಸುವುದು. ಐದು, 30ನೆಯ ದಿನ ರೋಗಿ ಹೇಗಿದ್ದಾನೆಂಬುದನ್ನು ದಾಖಲಿಸದ ಆಸ್ಪತ್ರೆಗೆ ಪ್ಯಾಕೇಜಿನ ಕೊನೆಯ ಕಂತನ್ನು ತಡೆಹಿಡಿಯುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ, ಶಂಕುಸ್ಥಾಪನೆಯ ಅವಕಾಶವೂ ಇಲ್ಲ. ಬಹುಶಃ ಇದುವರೆಗೆ ಯಾರ ಗಮನಕ್ಕೂ ಬಾರದಿರಲು ಅದೂ ಒಂದು ಕಾರಣವಿರಬಹುದು.

ಸವಣೂರಿನ ದೊಡ್ಡಹುಣಸೆ ಮಠದ ಆವರಣದ ಮೂರು ಪುರಾತನ ಮರಗಳಲ್ಲಿ ಒಂದು 2023ರ ಜುಲೈಯಲ್ಲಿ ಮಳೆಗೆ ಉರುಳಿತು. ಯಂತ್ರಗಳನ್ನು ತಂದು ಅದನ್ನು ಎತ್ತಿ ಮತ್ತೆ ನೆಟ್ಟರು. ನೆಟ್ಟ ದಿನ ಫೋಟೊ ತೆಗೆದು ಎಲ್ಲರೂ ಮನೆಗೆ ಹೋಗಿದ್ದರೆ ಅದು ಒಣಗುತ್ತಿತ್ತು. ಔಷಧೋಪಚಾರ ಮಾಡಿ, ಕಾದು ನೋಡಿಕೊಂಡದ್ದರಿಂದ ಅದು ಮತ್ತೆ ಚಿಗುರಿತು. ಮರಕ್ಕೆ ತೋರಿದ ಆ ಎಚ್ಚರವನ್ನು ಅದೇ ತಾಲ್ಲೂಕಿನ ಮನುಷ್ಯರಿಗೂ ತೋರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಮಾವನ ಚೀಲವನ್ನು ನಾಲ್ಕನೆಯ ತಿಂಗಳು ಮುಚ್ಚಿದರು. ಈ ಬಾರಿ ಮನೆಗೆ ಬಂದಾಗ ಅತ್ತೆ ಕ್ಯಾಲೆಂಡರಿನಲ್ಲಿ ಹತ್ತು ದಿನಗಳಿಗೆ ಗುರುತು ಹಾಕಿ, ಬೆಳಿಗ್ಗೆ ಸಂಜೆ ನಾಡಿ ಎಣಿಸಿ ಬರೆದಿಟ್ಟರು. ಎರಡನೆಯ ಸಲ ದಾಖಲಾಗಿದ್ದಾಗ ಒಬ್ಬ ಶುಶ್ರೂಷಕಿ ಅದನ್ನು ಅವರಿಗೆ ಕಲಿಸಿದ್ದರು. ಕಲಿಸಲು ಬೇಕಾದದ್ದು ಐದು ನಿಮಿಷ. ಹಿರೇಕೆರೂರಿನ ಆ ಮನೆಗೆ ಆ ಐದು ನಿಮಿಷ ಸಿಗಲಿಲ್ಲ.